ಮನೆಯಲ್ಲಿ ಮಾತ್ರ ಬರುವ ತಲೆನೋವು

ಅರಬ್ ನಾಡಿನ ಬುರೈದಾದ ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದು ಮೊದಲು ಹೇಳುತ್ತಿದ್ದುದು ತೆಂಗಿನೆಣ್ಣೆಯ ಬಾಟಲಿ. ಬೆಳಿಗ್ಗೆ ನನಗೆ ಜಡೆ ಹಾಕಲು ಮಮ್ಮಿ ಅದನ್ನು ಬಗ್ಗಿಸಿದರೆ ಹನಿಯೂ ಬೀಳುತ್ತಿರಲಿಲ್ಲ. ಚಮಚದ ಹಿಡಿಯಿಂದ ಅಗೆದು, ಅಂಗೈಯಲ್ಲಿ ಉಜ್ಜಿ ಕರಗಿಸಬೇಕು. ಬೇಸಿಗೆಯ ಬೆಂಕಿಯನ್ನು ತಡೆಯಲೆಂದು ಕಟ್ಟಿದ ಹಳೆಯ ಮನೆ ಅದು. ಎತ್ತರದ ಮಾಡು, ದಪ್ಪ ಸಿಮೆಂಟಿನ ಗೋಡೆ, ಕಾಲಿಟ್ಟರೆ ಕೊರೆಯುವ ಮೊಸಾಯಿಕ್ ನೆಲ. ಕೆಳಗಿನ ಅಂತಸ್ತು ನಮ್ಮದು: ಒಂದು ಹಾಲ್, ಒಂದು ಮಲಗುವ ಕೋಣೆ, ಕಿಟಕಿಯಿಲ್ಲದ ಅಡುಗೆಮನೆ. ಮೇಲೆ ಮನೆಯ ಒಡತಿ ಉಮ್ಮು ಸಾಲಿಹ್ ಒಬ್ಬರೇ ಇದ್ದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮರಳುಗಾಡಿನ ಊರಿನಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಬಾಯಿಂದ ಆವಿ ಬಿಡುತ್ತಾ ಬೆಳೆದೆ ಎಂದರೆ ಊರಿನ ಬಂಧುಗಳು ಇವತ್ತಿಗೂ ನಂಬುವುದಿಲ್ಲ. ನಂಬದಿರುವುದು ನನಗೇನೂ ಹೊಸದಲ್ಲ. ನಮ್ಮ ಮನೆಯಲ್ಲಿ ಯಾರನ್ನಾದರೂ ನಂಬುವುದೆಂದರೆ ಮೋಸ ಹೋಗಲು ಅರ್ಧ ದಾರಿ ನಡೆದಂತೆ.

ಪಪ್ಪ ಖರ್ಜೂರ ಪ್ಯಾಕ್ ಮಾಡುವ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್. ಒಳಗೆ ಬಂದ ಮಾಲಿಗೂ ಹೊರಗೆ ಹೋದ ಮಾಲಿಗೂ ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದರ್ಥ. ಆ ಯಾರೋ ಯಾರೆಂದು ಹುಡುಕುವುದೇ ಅವರ ಕೆಲಸ. ಸಂಜೆ ಬೂಟುಗಳ ಜೊತೆ ಆ ಕೆಲಸವನ್ನೂ ಬಾಗಿಲ ಬಳಿ ಕಳಚಿಡಲು ಅವರಿಗೆ ಬರುತ್ತಿರಲಿಲ್ಲ. ಟೊಮೆಟೊ ತೂಗುವವನ ಹೆಬ್ಬೆರಳು ಎಲ್ಲಿದೆ, ಟ್ಯಾಕ್ಸಿಯವನು ಯಾಕೆ ಆ ರಸ್ತೆಯಲ್ಲಿ ಬಂದ, ಎದುರು ಮನೆಯ ಮಲಯಾಳಿ ಯಾಕೆ ಇಷ್ಟು ನಗುನಗುತ್ತಾ ಮಾತಾಡುತ್ತಾನೆ, ಎಲ್ಲವೂ ಅವರಿಗೆ ತನಿಖೆಯ ವಿಷಯ. ಎಲ್ಲಕ್ಕಿಂತ ಹೆಚ್ಚಿನ ಗುಮಾನಿ ಮೇಲಿನ ಖಾಲಾ ಮೇಲೆ. ದಿನವೂ ಬೆಳಿಗ್ಗೆ ನಮ್ಮ ತಲೆಯ ಮೇಲೆ ಕುಟ್ಟುವ ಸದ್ದು ಕೇಳುತ್ತಿತ್ತು. ಕಾಫಿಗೆ ಏಲಕ್ಕಿ ಕುಟ್ಟುತ್ತಾರೆ ಎಂದು ಮಮ್ಮಿ ಹೇಳಿದರೆ ಪಪ್ಪ ಅಲ್ಲವೆಂದು ತಲೆಯಾಡಿಸುತ್ತಿದ್ದರು.

“ಏಲಕ್ಕಿಗೆ ಅಷ್ಟು ಜೋರು ಕುಟ್ಲಿಕ್ಕುಂಟಾ? ನಮ್ಮನ್ನು ಎಬ್ಬಿಸ್ಲಿಕ್ಕೆ. ನಾವು ಬೇಸತ್ತು ಬಿಟ್ಟು ಹೋದ್ರೆ ಹೆಚ್ಚು ಬಾಡಿಗೆಗೆ ಬೇರೆಯವ್ರಿಗೆ ಕೊಡ್ಬಹುದಲ್ಲ.”

ನಮ್ಮ ಮನೆಯ ಮಾತು ಕೊಂಕಣಿ. ಪ್ರೀತಿ, ಊಟ, ಪ್ರಾರ್ಥನೆ ಎಲ್ಲ ಕೊಂಕಣಿಯಲ್ಲಿ. ಆದರೆ ಮಮ್ಮಿ ಶಿರ್ವದ ಕಡೆಯ ಕನ್ನಡ ಶಾಲೆಯಲ್ಲಿ ಕಲಿತವಳು. ವಾದಕ್ಕಿಳಿದರೆ ಕನ್ನಡಕ್ಕೆ ಹೊರಳುತ್ತಿದ್ದಳು, ಪಪ್ಪನೂ ಅದರಲ್ಲೇ ಉತ್ತರ ಕೊಡುತ್ತಿದ್ದರು. ಹಾಗಾಗಿ ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ನನಗೆ ಕನ್ನಡ ಬಂದದ್ದು ಜಗಳಗಳಿಂದ. ಆ ಚಳಿಗಾಲದಲ್ಲಿ ನನ್ನ ಕನ್ನಡ ಬಹಳ ಸುಧಾರಿಸಿತು.

ಹಿಂದಿನ ವರ್ಷದವರೆಗೆ ನಮ್ಮಲ್ಲಿದ್ದುದು ಎರಡು ಕೆಂಪು ಸರಳುಗಳ ಕರೆಂಟ್ ಹೀಟರ್. ಅದನ್ನೂ ಗೀಸರನ್ನೂ ಒಟ್ಟಿಗೆ ಹಾಕಿದರೆ ಮೇನ್ ಸ್ವಿಚ್ ಬಿದ್ದು ಮೇಲಿನ ಮನೆಯೂ ಕತ್ತಲಾಗುತ್ತಿತ್ತು. ಖಾಲಾ ಮೆಟ್ಟಿಲ ಮೇಲಿಂದ ಕೂಗುತ್ತಿದ್ದರು. ಲೈನು ಹಳೆಯದು, ಭಾರ ತಾಳುವುದಿಲ್ಲ ಎಂಬುದು ಅವರ ಮಾತು. ನಮಗೆ ಬರುವ ಕರೆಂಟನ್ನು ಬೇಕೆಂದೇ ಕಡಿಮೆ ಮಾಡಿಸಿದ್ದಾರೆ ಎಂಬುದು ಪಪ್ಪನ ಮಾತು. ಕೊನೆಗೆ ಕರೆಂಟಿನ ಹಂಗೇ ಬೇಡವೆಂದು ಪಪ್ಪ ನನ್ನನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋದರು. ಅಲ್ಲಿ ಭಟ್ಕಳದ ಝಕರಿಯಾ ಸಾಹೇಬರ ದೊಡ್ಡ ಅಂಗಡಿ. ಕಂಬಳಿಯಿಂದ ಹಿಡಿದು ಒಲೆಯವರೆಗೆ ಎಲ್ಲ ಸಿಗುತ್ತಿತ್ತು. ಒಳಗೆ ಎಣ್ಣೆ ತುಂಬಿಸಿ ಮುಚ್ಚಿದ, ಕರೆಂಟಿಗೆ ಹಾಕುವ ಬಿಳಿ ಹೀಟರುಗಳನ್ನು ಅವರು ಮೊದಲು ತೋರಿಸಿದರು. ಪಪ್ಪ ಒಪ್ಪಲಿಲ್ಲ. ಗ್ಯಾಸ್ ಸಿಲಿಂಡರ್ ಕೂರಿಸುವಂಥದ್ದು ತೋರಿಸಿದರು. ಸಿಡಿಯುತ್ತದೆ ಎಂದು ಅದೂ ಬೇಡವಾಯಿತು. ಕೊನೆಗೆ ಉಳಿದದ್ದು ಸೀಮೆಎಣ್ಣೆಯದು: ನನ್ನ ಸೊಂಟದವರೆಗೆ ಬರುವ ದುಂಡನೆಯ ಹೀಟರ್, ಕೆಳಗೆ ಎಣ್ಣೆಯ ತೊಟ್ಟಿ, ನಡುವೆ ಬಳೆಯಂಥ ಬತ್ತಿ, ಮೇಲೆ ಕೆಂಪಗೆ ಕಾಯುವ ಜಾಲರಿ.

“ಒಳ್ಳೇ ಮಾಲು ಇದು,” ಎಂದರು ಝಕರಿಯಾ ಸಾಹೇಬರು. “ಆದ್ರೆ ಒಂದು ಮಾತು ಮಾರಾಯ್ರೇ. ಇದು ಎಣ್ಣೆ ಮಾತ್ರ ಕುಡಿಯೋದಲ್ಲ, ಗಾಳಿನೂ ಕುಡೀತದೆ. ಕಿಟಕಿ ಒಂಚೂರು ತೆರೆದಿಡಿ.”

“ಆಯ್ತು,” ಎಂದರು ಪಪ್ಪ. ಹೊರಗೆ ಬಂದು ಕಾರಿನ ಡಿಕ್ಕಿ ಮುಚ್ಚುತ್ತಾ ನನಗೆ ಹೇಳಿದರು: “ಕೇಳಿದ್ಯಾ ಅವನ ಬುದ್ಧಿ? ಕಿಟಕಿ ತೆರೆದ್ರೆ ಬೆಚ್ಚಗಾಗೂದಿಲ್ಲ. ಆಗ ಸಾಲೂದಿಲ್ಲ ಅಂತ ನಾವು ಇನ್ನೊಂದು ತಕೊಳ್ಳೂದು. ವ್ಯಾಪಾರ!”

ಅದೇ ವಾರ ಪಪ್ಪ ಮಲಗುವ ಕೋಣೆಯ ಕಿಟಕಿಗಳ ಸಂದುಗಳಿಗೆಲ್ಲ ಕಂಪೆನಿಯಿಂದ ತಂದ ಅಗಲವಾದ ಕಂದು ಟೇಪ್ ಅಂಟಿಸಿದರು. ಖರ್ಜೂರದ ಪೆಟ್ಟಿಗೆ ಮುಚ್ಚುವ ಟೇಪ್ ಅದು. ಒಮ್ಮೆ ಅಂಟಿದರೆ ಬಣ್ಣ ಕಿತ್ತುಕೊಂಡೇ ಬರುವಂಥದ್ದು. ಗೋಡೆಯ ಮೇಲಿನ ಗಾಳಿಯ ತೂತಿಗೆ ರಟ್ಟು, ಬಾಗಿಲ ಕೆಳಗೆ ಹಳೆ ಟವೆಲಿನ ಸುರುಳಿ. ಧೂಳು ಬರುವುದಿಲ್ಲ, ಚಳಿ ಬರುವುದಿಲ್ಲ, ನಮ್ಮ ತೇರ್ಸದ ಸದ್ದು ಮೇಲಕ್ಕೆ ಹೋಗುವುದೂ ಇಲ್ಲ ಎಂದು ಅವರಿಗೆ ಸಮಾಧಾನ. ಬೇರೆ ಧರ್ಮದ ಪ್ರಾರ್ಥನೆ ಅಲ್ಲಿ ಹೊರಗೆ ಕೇಳಿಸಬಾರದಾದ್ದರಿಂದ, ಈ ಜಪಮಾಲೆಯ ಪ್ರಾರ್ಥನೆಯನ್ನು ನಾವು ದಿನವೂ ಪರದೆ ಎಳೆದು, ತಗ್ಗಿದ ದನಿಯಲ್ಲೇ ಹೇಳುತ್ತಿದ್ದೆವು. ಈಗ ಹೀಟರ್ ಇರುವ ಕೋಣೆಯಲ್ಲೇ ಅದು ನಡೆಯತೊಡಗಿತು. ಪಪ್ಪ ಕೆಲಸದಿಂದ ಬಂದು, ಹಾಲಿನಲ್ಲಿ ಚಹಾ ಕುಡಿದು, ಕೊನೆಗೆ ಒಳಗೆ ಬಂದು ಬಾಗಿಲ ಬಳಿ ಮೊಣಕಾಲೂರುತ್ತಿದ್ದರು. ಅದು ಮುಗಿದರೆ ಮತ್ತೆ ಹಾಲಿಗೆ. ಗೊರಕೆ ಜೋರೆಂದು ಮಲಗುವುದೂ ಅಲ್ಲೇ, ಎರಡು ಕಂಬಳಿ ಹೊದ್ದು. ನಾನು ಮತ್ತು ಮಮ್ಮಿ ಬೆಚ್ಚಗಿನ ಕೋಣೆಯಲ್ಲಿ.

ತಲೆನೋವು ಯಾವಾಗ ಶುರುವಾಯಿತೆಂದು ಹೇಳಲಾರೆ. ಮೊದಲು ಮಮ್ಮಿಗೆ ಬಂತು. ಅವಳು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಮಧ್ಯಾಹ್ನ ಮನೆಗೆ ಬಂದು, ಹೀಟರ್ ಹಚ್ಚಿ, ನನ್ನ ಪಕ್ಕದಲ್ಲಿ ಅಡ್ಡಾಗುತ್ತಿದ್ದಳು. ಸಂಜೆ ಏಳುವಾಗ ಹಣೆ ಹಿಡಿದುಕೊಂಡೇ ಏಳುತ್ತಿದ್ದಳು. ಕುಚ್ಚಿಲಕ್ಕಿ ಗಂಜಿಯನ್ನು ಒಲೆಯ ಮೇಲೆ ಮರೆತು ಸೀಯಿಸುವಳು. ಒಣಮೀನಿನ ಚಟ್ನಿಯ ವಾಸನೆಗೆ ವಾಕರಿಕೆ ಬರುವುದೆಂದು ಅದನ್ನು ಮಾಡುವುದನ್ನೇ ಬಿಟ್ಟಳು. ತೇರ್ಸದ ನಡುವೆ ‘ನಮೊ ರಾಣಿಯೆ’ ಎನ್ನುತ್ತಿದ್ದ ಬಾಯಿ ನಿಂತು ತಲೆ ಎದೆಗೆ ವಾಲುತ್ತಿತ್ತು. ಪಪ್ಪ ಪ್ರಾರ್ಥನೆ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಕೆಲವೇ ದಿನಗಳಲ್ಲಿ ನನಗೂ ಬಂತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಯಾರೋ ಕಿವಿಯ ಮೇಲೆ ಎರಡೂ ಕಡೆಯಿಂದ ಒತ್ತಿದಂತೆ ಆಗುತ್ತಿತ್ತು. ಸ್ಕೂಲ್ ಬಸ್ಸಿನ ಕಿಟಕಿಯ ಗಾಳಿ ತಾಗಿ, ಅಸೆಂಬ್ಲಿಗೆ ನಿಲ್ಲುವ ಹೊತ್ತಿಗೆ ಅದು ಹೋಗಿಬಿಡುತ್ತಿತ್ತು. ಮಮ್ಮಿಯದೂ ಹಾಗೆಯೇ, ಡ್ಯೂಟಿಯಲ್ಲಿ ಅವಳಿಗೆ ಏನೂ ಇಲ್ಲ. ಇದೇ ಪಪ್ಪನ ಕೈಗೆ ಸಿಕ್ಕಿದ ಸಾಕ್ಷಿಯಾಯಿತು.

“ಆಸ್ಪತ್ರೆಯಲ್ಲಿ ನೋವಿಲ್ಲ, ಮನೆಗೆ ಕಾಲಿಟ್ಟ ಕೂಡ್ಲೇ ನೋವು. ಇದೆಂತ ತಲೆನೋವು ಮಾರಾಯ್ತಿ?”

“ನನಗೂ ಗೊತ್ತಿಲ್ಲ. ಗೊತ್ತಿದ್ರೆ ಹೇಳ್ತಿರ್ಲಿಲ್ವಾ?”

“ನನಗೆ ಗೊತ್ತುಂಟು. ನಿನಗೆ ಈ ಮನೆಯೇ ಬೇಡ ಅಂತಾಗಿದೆ. ಈಗ ಮಗಳಿಗೂ ಕಲಿಸಿಕೊಟ್ಟಿದ್ದಿ.”

ಮಮ್ಮಿ ಆಗಾಗ ಊರಿನಲ್ಲಿರುವ ತಂಗಿಯೊಂದಿಗೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಿದ್ದಳು. ನನ್ನನ್ನು ಕರೆದುಕೊಂಡು ಊರಿಗೆ ಹೋಗಿ, ಅಲ್ಲೇ ಶಾಲೆಗೆ ಸೇರಿಸುವ ಮಾತು ಒಂದೆರಡು ಸಲ ಬಂದದ್ದು ನಿಜ. ತಲೆನೋವು ಆ ಹೊರಡುವಿಕೆಗೆ ಹೂಡಿದ ನೆಪವೆಂದು ಪಪ್ಪ ತೀರ್ಮಾನಿಸಿದ್ದರು. ಅತ್ತ ಮಮ್ಮಿಗೆ ಬೇರೆಯೇ ಸಂಶಯ. ಬಂಕಿನಿಂದ ಸೀಮೆಎಣ್ಣೆ ತರುವ ಬದಲು ಪಪ್ಪ ಕಂಪೆನಿಯ ಲಾರಿಯ ಡೀಸೆಲನ್ನು ಹೀಟರಿಗೆ ಸುರಿಯುತ್ತಿದ್ದಾರೆ, ಅದರ ವಾಸನೆಗೇ ತಲೆ ಒಡೆಯುತ್ತಿದೆ ಎಂದು. ಇಬ್ಬರೂ ತಮ್ಮ ತಮ್ಮ ತನಿಖೆಗೆ ನನ್ನನ್ನು ಹಿಡಿದರು.

“ಲವೀನಾ, ಪಪ್ಪ ಕ್ಯಾನ್ ಎಲ್ಲಿಂದ ತುಂಬಿಸ್ತಾರೆ ಅಂತ ಸ್ವಲ್ಪ ನೋಡ್ಕೊ,” ಎಂದು ಮಮ್ಮಿ.

“ಬಾಯೆ, ನಾನಿಲ್ಲದಾಗ ಮಮ್ಮಿ ಮಲಗಿಯೇ ಇರ್ತಾಳಾ? ಇಲ್ಲ, ಫೋನಲ್ಲಿ ಮಾತಾಡ್ತಾ ಇರ್ತಾಳಾ?” ಎಂದು ಪಪ್ಪ.

ನಾನು ಇಬ್ಬರಿಗೂ ಕಂಡದ್ದನ್ನೇ ಹೇಳಿದೆ. ಪಪ್ಪ ಬಂಕಿನಲ್ಲೇ ತುಂಬಿಸುತ್ತಾರೆ. ಮಮ್ಮಿ ನಿಜವಾಗಿ ಮಲಗಿರುತ್ತಾಳೆ, ಕರೆದರೆ ಬೇಗ ಏಳುವುದಿಲ್ಲ. ಇಬ್ಬರೂ ಒಪ್ಪಲಿಲ್ಲ. ನನ್ನನ್ನು ಇನ್ನೊಬ್ಬರು ಕೊಂಡುಕೊಂಡಿದ್ದಾರೆ ಎಂಬಂತೆ ನೋಡಿದರು. ನಿಜ ಹೇಳಿದರೂ ಮುಖದಲ್ಲಿ ಸುಳ್ಳು ಹುಡುಕುವವರ ಎದುರು ಹೇಗೆ ನಿಲ್ಲಬೇಕೆಂದು ನಾನು ಕಲಿತದ್ದು ಆಗ. ಕಣ್ಣು ತಗ್ಗಿಸಬಾರದು, ಹೆಚ್ಚು ಮಾತಾಡಬಾರದು, ಒಂದೇ ಉತ್ತರವನ್ನು ಅದೇ ಶಬ್ದಗಳಲ್ಲಿ ಮತ್ತೆ ಹೇಳಬೇಕು. ಇಂದಿಗೂ ಆಫೀಸಿನಲ್ಲಿ ಯಾರಾದರೂ ಸುಮ್ಮನೆ ಏನಾದರೂ ಕೇಳಿದರೆ, ನಾನು ಉತ್ತರಿಸುವ ರೀತಿ ಕಟಕಟೆಯಲ್ಲಿ ನಿಂತವಳಂತೆ ಇರುತ್ತದೆ ಎಂದು ಗೆಳತಿಯರು ನಗುತ್ತಾರೆ.

ಈ ನಡುವೆ ಹೀಟರಿನ ಉರಿ ಹಳದಿಯಾಗತೊಡಗಿತ್ತು. ಬತ್ತಿಯ ಅಂಚಿನಲ್ಲಿ ಇದ್ದಿಲಿನಂಥ ಗಟ್ಟಿ ಪೊರೆ, ಮಾಡಿನಲ್ಲಿ ಕಪ್ಪು ಕಲೆ. ಪ್ರತಿ ಶುಕ್ರವಾರ ರಜೆಯ ದಿನ ಪಪ್ಪ ಅದನ್ನು ಬಿಚ್ಚಿ, ಪತ್ರಿಕೆ ಹಾಸಿ, ಬತ್ತಿಯನ್ನು ಕತ್ತರಿಯಿಂದ ಸವರುತ್ತಿದ್ದರು. ಹೊಸ ಬತ್ತಿ ಹಾಕಿಸಿ ಎಂದು ಮಮ್ಮಿ ಹೇಳಿದಳು. ಬತ್ತಿಯ ತಪ್ಪಲ್ಲ, ಬಂಕಿನವನು ಎಣ್ಣೆಗೆ ನೀರು ಬೆರೆಸುತ್ತಾನೆ ಎಂದರು ಪಪ್ಪ. ಸವರಿ ಸವರಿ ಬತ್ತಿ ಓರೆಯಾಯಿತು. ಒಂದು ಕಡೆ ಉರಿ ಎತ್ತರ, ಇನ್ನೊಂದು ಕಡೆ ಕುಳ್ಳು. ಒಮ್ಮೆ ಖಾಲಾ ನಮ್ಮ ಬಾಗಿಲಿಗೆ ಬಂದು, ಒಳಗೆ ಬಾರದೆ, ಮೂಗು ಮುಚ್ಚಿ, ಕಿಟಕಿ ತೆರೆಯಿರಿ ಎಂದು ಕೈಯಲ್ಲಿ ತೋರಿಸಿದರು. ಪಪ್ಪ ಎದುರಿಗೆ ಬಂದರೆ ಅವರು ಬಾಗಿಲ ಮರೆಗೆ ಸರಿದು, ಮುಖದ ಬಟ್ಟೆ ಎಳೆದುಕೊಂಡೇ ಮಾತಾಡುವವರು. ಅವರು ಹೋದ ಮೇಲೆ ಪಪ್ಪ ಕಿಟಕಿಗೆ ಇನ್ನೊಂದು ಪದರ ಟೇಪ್ ಹಾಕಿದರು.

“ವಾಸನೆ ನೆಪ ಅಷ್ಟೇ. ಒಳಗೆ ನಾವು ಎಂತ ಮಾಡ್ತೇವೆ ಅಂತ ನೋಡ್ಬೇಕು ಅವಳಿಗೆ.”

ಒಂದು ಗುರುವಾರ ಸಂಜೆ ಜಗಳ ಕಟ್ಟೆಯೊಡೆಯಿತು. ಮಮ್ಮಿ ಸ್ನಾನದ ಕೋಣೆಯಲ್ಲಿ ವಾಂತಿ ಮಾಡಿ ಗೋಡೆ ಹಿಡಿದು ಬಂದಳು. ಪಪ್ಪ ಚಹಾದ ಲೋಟ ಕೆಳಗಿಡಲಿಲ್ಲ.

“ಟಿಕೆಟ್ ಬುಕ್ ಮಾಡಿಯಾಗಿದ್ರೆ ಹೇಳಿಬಿಡು. ಇಷ್ಟೆಲ್ಲ ನಾಟಕ ಯಾಕೆ?”

ಮಮ್ಮಿ ಬಹಳ ಮೆಲ್ಲಗೆ ಹೇಳಿದಳು: “ನೀವು ಆ ಕೋಣೆಯಲ್ಲಿ ಕೂತು ನೋಡಿದ್ದುಂಟಾ? ಒಂದು ದಿನ?”

“ಕೂರ್ತೇನೆ. ನಾಳೆಯೇ ಕೂರ್ತೇನೆ. ಇಡೀ ದಿನ. ಎಂತ ಆಗ್ತದೆ ನೋಡುವ.”

ಮರುದಿನ ಶುಕ್ರವಾರ. ಹೊರಗೆ ಧೂಳು ಬೆರೆತ ಚಳಿಗಾಳಿ. ಮಮ್ಮಿ ಬೆಳಿಗ್ಗೆಯೇ ಡ್ಯೂಟಿಗೆ ಹೋದಳು. ಪಪ್ಪ ಹೀಟರನ್ನು ದೊಡ್ಡ ಉರಿಯಲ್ಲಿಟ್ಟು, ಹಾಲಿನ ಕುರ್ಚಿಯನ್ನು ಮಲಗುವ ಕೋಣೆಗೆ ಸಾಗಿಸಿ, ಮೊಬೈಲು, ನೀರಿನ ಬಾಟಲಿ, ಒಂದು ಬಟ್ಟಲು ಖರ್ಜೂರ ಇಟ್ಟುಕೊಂಡು ಬಾಗಿಲು ಹಾಕಿದರು. ಸಂದಿನಲ್ಲಿ ಟವೆಲ್ ತುರುಕುವ ಸದ್ದು ಕೇಳಿತು. ನನಗೆ ಹಾಲಿನಲ್ಲಿ ಕೂತು ಹೋಂವರ್ಕ್ ಮಾಡಲು ಹೇಳಿದ್ದರು. ಮೊದಮೊದಲು ಒಳಗಿನಿಂದ ಅವರ ಮೊಬೈಲಿನ ಹಾಡು ಕೇಳುತ್ತಿತ್ತು. ಒಮ್ಮೆ, “ಲವೀನಾ, ನೋಡು, ನನಗೆ ಎಂತದೂ ಆಗ್ಲಿಲ್ಲ!” ಎಂದು ಕೂಗಿ ಹೇಳಿದರು. ಸುಮಾರು ಹೊತ್ತಿನ ಮೇಲೆ ಹಾಡು ನಿಂತಿತು. ಮಧ್ಯಾಹ್ನದ ಬಾಂಗ್ ಆಯಿತು. ಹಸಿವಾಗಿ, ಊಟಕ್ಕೆ ಬಡಿಸಲಾ ಎಂದು ಕೇಳಲು ನಾನು ಬಾಗಿಲು ತಟ್ಟಿದೆ. ಉತ್ತರವಿಲ್ಲ. ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ಪರೀಕ್ಷೆ ಮಾಡುತ್ತಿದ್ದಾರೆ, ನಾನು ಯಾರ ಕಡೆ ಎಂದು ನೋಡುತ್ತಿದ್ದಾರೆ ಎಂದೂ ಅನ್ನಿಸಿತು. ನಮ್ಮ ಮನೆಯಲ್ಲಿ ಮೌನಕ್ಕೂ ಒಂದು ಉದ್ದೇಶವಿರುತ್ತಿತ್ತು. ಆದರೂ ಬಾಗಿಲು ದೂಡಿದೆ.

ಪಪ್ಪ ಕುರ್ಚಿಯಿಂದ ಜಾರಿ ನೆಲದ ಮೇಲೆ ಬಿದ್ದಿದ್ದರು. ಅಂಗಿಯ ಮೇಲೆ ವಾಂತಿ. ಕಣ್ಣು ಅರ್ಧ ತೆರೆದಿತ್ತು. “ಪಪ್ಪಾ” ಎಂದು ಅಲುಗಿಸಿದರೆ ಏನೋ ತೊದಲಿದರು. ಕೊಂಕಣಿಯೂ ಅಲ್ಲ, ಕನ್ನಡವೂ ಅಲ್ಲ. ಕೈ ಹಿಡಿದು ಎಳೆದೆ. ಬರಲಿಲ್ಲ. ಹೀಟರ್ ತನ್ನ ಪಾಡಿಗೆ ಉರಿಯುತ್ತಿತ್ತು. ಬರಿಗಾಲಲ್ಲಿ ಮೆಟ್ಟಿಲೇರಿ ಓಡಿ ಖಾಲಾನ ಬಾಗಿಲನ್ನು ಎರಡೂ ಕೈಯಿಂದ ಬಡಿದೆ.

ಕೈಯಲ್ಲಿದ್ದ ಹಿತ್ತಾಳೆಯ ಕುಟ್ಟಾಣಿಕೋಲಿನ ಸಮೇತ ಖಾಲಾ ಬಾಗಿಲು ತೆರೆದರು. ನನಗೆ ಬರುವ ಅರೆಬರೆ ಅರಬ್ಬಿಯೂ ಆಗ ಬಾಯಿಗೆ ಬರಲಿಲ್ಲ. “ಬಾಬಾ, ಬಾಬಾ” ಎಂದಷ್ಟೇ ಅಂದೆ. ಆ ವಯಸ್ಸಿನಲ್ಲಿ ಅವರು ಮೆಟ್ಟಿಲಿಳಿದ ವೇಗ ಇವತ್ತಿಗೂ ನನಗೆ ಆಶ್ಚರ್ಯ. ಕೋಣೆಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಕೆಂಪು ಜಾಲರಿಯನ್ನೂ ಟೇಪ್ ಬಡಿದ ಕಿಟಕಿಯನ್ನೂ ನೋಡಿ, ಉಸಿರು ಬಿಗಿಹಿಡಿದು ಒಳನುಗ್ಗಿದರು. ಬತ್ತಿ ಇಳಿಸಿದರು. ಕಿಟಕಿ ಎಳೆದರು, ಬರಲಿಲ್ಲ. ಕೈಯಲ್ಲಿದ್ದ ಹಿತ್ತಾಳೆಯಿಂದ ಗಾಜಿಗೆ ಒಂದೇ ಏಟು.

“ಇಫ್ತಹೀ!” ಎಂದು ನನಗೆ ಕೂಗಿದರು. ತೆರೆ, ಹೊರಬಾಗಿಲು ತೆರೆ.

ನಾನು ತೆರೆದು ಬರುವಷ್ಟರಲ್ಲಿ ಅವರು ಪಪ್ಪನ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದರು. ಬಾಗಿಲ ಮರೆಯಲ್ಲಷ್ಟೇ ನಿಲ್ಲುತ್ತಿದ್ದ ಹೆಂಗಸಿನ ಮುಖದ ಬಟ್ಟೆ ಎಲ್ಲೋ ಬಿದ್ದಿತ್ತು, ನರೆತ ಜಡೆ ಬಿಚ್ಚಿ ಜೋಲುತ್ತಿತ್ತು. ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೆನ್ನೆಯ ಮೇಲೆ ಕಣ್ಣೀರಿಳಿಯುತ್ತಿತ್ತು. ನಾನು ಕಾಲು ಹಿಡಿದೆ. ಇಬ್ಬರೂ ಸೇರಿ ಪಪ್ಪನನ್ನು ಅಂಗಳದ ಗಾಳಿಗೆ ತಂದು ಹಾಕಿದೆವು. ಖಾಲಾ ಫೋನ್ ಮಾಡಿ ಆಂಬುಲೆನ್ಸ್ ಕರೆದರು, ಅದು ಬರುವವರೆಗೆ ಪಪ್ಪನ ಕೆನ್ನೆ ತಟ್ಟುತ್ತಾ, ಒಂದೇ ಸಮನೆ ಒಂದು ಹೆಸರು ಕರೆಯುತ್ತಿದ್ದರು: ಸಾಲಿಹ್, ಸಾಲಿಹ್. ಖಾಲಾನ ಮಗನ ಹೆಸರು ಅದು. ಕೂಡಾರದೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲವೆಂದು ಆಮೇಲೆ ಮಮ್ಮಿಗೆ ಹೇಳಿದರಂತೆ. ನಮ್ಮ ಬಾಗಿಲಿಗೆ ಬಂದು ಮೂಗು ಮುಚ್ಚಿ ಕಿಟಕಿ ತೋರಿಸಿದ ದಿನ ಅವರು ಹೇಳಲು ಬಂದದ್ದು ಅದನ್ನೇ. ಕೇಳುವ ವ್ಯವಧಾನ ನಮಗಿರಲಿಲ್ಲ.

ಆಂಬುಲೆನ್ಸ್ ಹೋದದ್ದು ಮಮ್ಮಿ ಕೆಲಸ ಮಾಡುವ ಆಸ್ಪತ್ರೆಗೆ. ಯಾರೋ ಹೆರಿಗೆ ವಾರ್ಡಿಗೆ ಫೋನ್ ಮಾಡಿ ಅವಳನ್ನು ಕೆಳಗೆ ಕರೆಸಿದರು. ಪಪ್ಪನ ಮೂಗು ಬಾಯಿಗೆ ಮಾಸ್ಕ್ ಇಟ್ಟು ಆಕ್ಸಿಜನ್ ಕೊಡುತ್ತಿದ್ದರು. ಅರೆಬರೆ ಉರಿದ ಬೆಂಕಿಯಿಂದ ಬರುವ ವಿಷಗಾಳಿ, ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಡಾಕ್ಟರು ವಿವರಿಸಿದರು. ತಾಯಿಗೂ ಮಗಳಿಗೂ ತಲೆನೋವು, ವಾಕರಿಕೆ ಇತ್ತೇ ಎಂದು ಕೇಳಿದರು. ಮಮ್ಮಿ ಹೌದೆಂದು ತಲೆಯಾಡಿಸಿದಳು. ನಮ್ಮಿಬ್ಬರ ರಕ್ತವನ್ನೂ ತೆಗೆದರು. ನಮ್ಮ ಮೈಯಲ್ಲೂ ಅದು ಇತ್ತು. ಸಂಜೆಯ ಹೊತ್ತಿಗೆ ಪಪ್ಪನಿಗೆ ಪೂರ್ತಿ ಎಚ್ಚರವಾಯಿತು. ಮಮ್ಮಿ ಯೂನಿಫಾರ್ಮಿನಲ್ಲೇ ಮಂಚದ ಪಕ್ಕ ನಿಂತಿದ್ದಳು. ಅಳಲಿಲ್ಲ. ಮಾಸ್ಕ್ ಸ್ವಲ್ಪ ಸರಿಸಿ, ರೋಗಿಯನ್ನು ಕೇಳುವ ದನಿಯಲ್ಲಿ ಕೇಳಿದಳು.

“ತಲೆ ನೋವು ಉಂಟಾ?”

“ಉಂಟು,” ಎಂದರು ಪಪ್ಪ.

ಅವಳು ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿದಳು. ಆಮೇಲೆ ಪಪ್ಪ ತಾವೇ ಮಾಸ್ಕ್ ಎತ್ತಿ, “ಆ ಝಕರಿಯಾ ಹಾಳು ಮಾಲು ಕೊಟ್ಟಿರ್ಬೇಕು,” ಎಂದರು.

“ಟೇಪ್ ಅಂಟಿಸಿದ್ದು ಝಕರಿಯಾ ಸಾಹೇಬ್ರಾ?”

ಪಪ್ಪ ಗೋಡೆಯ ಕಡೆ ಮುಖ ಮಾಡಿದರು. ಮಮ್ಮಿ ತಡೆಯಲಾರದೆ ಮುಂದುವರಿಸಿದಳು. “ಗಾಳಿಯ ವಿಷಯ ನನಗೂ ಗೊತ್ತಿರ್ಲಿಲ್ಲ. ನರ್ಸ್ ಆಗಿ ಗೊತ್ತಿರ್ಬೇಕಿತ್ತು, ಗೊತ್ತಾಗ್ಲಿಲ್ಲ. ಅದು ಹೋಗ್ಲಿ. ನೋವು ಅಂತ ಹೇಳಿದ್ದನ್ನು ನಂಬ್ಲಿಕ್ಕೆ ನಿಮಗೆ ರಕ್ತ ಟೆಸ್ಟ್ ಆಗ್ಬೇಕಾಯ್ತಲ್ಲ?” ಪಪ್ಪನ ಭುಜ ಅಲುಗುತ್ತಿದ್ದುದನ್ನು ಮಾತ್ರ ನಾನು ನೋಡಿದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ಮನೆಗೆ ಬಂದ ಮರುದಿನವೇ ಪಪ್ಪ ಚಾಕು ಹಿಡಿದು ಟೇಪನ್ನೆಲ್ಲ ಕೆರೆದರು. ಕಿಟಕಿಯ ಬಣ್ಣವೂ ಕಿತ್ತು ಬಂತು. ಹೀಟರನ್ನು ಯಾರಿಗೂ ಕೊಡಲಿಲ್ಲ, ಮಾರಲಿಲ್ಲ, ಜಾಲರಿ ಬತ್ತಿ ಕಿತ್ತು ಕಸದ ಲಾರಿಗೆ ಹಾಕಿದರು. ಈ ಸಲ ಅಂಗಡಿಗೆ ಮಮ್ಮಿಯೂ ಬಂದಳು. ಪ್ರಶ್ನೆಗಳನ್ನೆಲ್ಲ ಅವಳೇ ಕೇಳಿದಳು, ಪಪ್ಪ ಕೈಕಟ್ಟಿ ನಿಂತಿದ್ದರು. ಎಣ್ಣೆ ತುಂಬಿದ ಬಿಳಿ ಕರೆಂಟ್ ಹೀಟರ್ ಮನೆಗೆ ಬಂತು. ಖಾಲಾ ಎಲೆಕ್ಟ್ರಿಶಿಯನ್ ಕರೆಸಿ ನಮ್ಮ ಅಂತಸ್ತಿಗೆ ಬೇರೆಯೇ ದಪ್ಪ ವಯರ್ ಎಳೆಸಿದರು. ಪಪ್ಪ ಮೆಟ್ಟಿಲ ಕೆಳಗೆ ನಿಂತು, ತಲೆಯೆತ್ತದೆ, ತಮಗೆ ಗೊತ್ತಿದ್ದ ಎರಡು ಅರಬ್ಬಿ ಶಬ್ದಗಳಲ್ಲಿ ಉಪಕಾರ ಸ್ಮರಿಸಿದರು. ಆದರೆ ಜನರ ಸ್ವಭಾವ ಒಂದೇ ಸಲಕ್ಕೆ ಬದಲಾಗುತ್ತದೆಂದು ನಾನು ಬರೆದರೆ ಸುಳ್ಳಾದೀತು. ಮುಂದಿನ ವರ್ಷ ಬಾಡಿಗೆ ಸ್ವಲ್ಪ ಏರಿದಾಗ ಪಪ್ಪನ ಮುಖದಲ್ಲಿ ಗೆದ್ದವರ ಕಳೆಯಿತ್ತು. “ನಾನು ಹೇಳಿರ್ಲಿಲ್ವಾ? ಆ ವಯರಿಗೆ ಒಂದು ಕಾರಣ ಉಂಟು ಅಂತ?” ಎಂದು ಹೇಳಿಯೇ ಹೇಳಿದರು. ಟೊಮೆಟೊದವನ ಹೆಬ್ಬೆರಳಿಗೂ ಬಿಡುಗಡೆ ಸಿಗಲಿಲ್ಲ.

ಮಮ್ಮಿ ಊರಿಗೆ ಹೋಗಲಿಲ್ಲ. ಆದರೆ ಒಳಗೆ ಎಲ್ಲೋ ಹೊರಟುಹೋಗಿದ್ದಳು. ಕೇಳಿದ್ದಕ್ಕೆ ಉತ್ತರ, ಬಡಿಸುವ ಊಟ, ತೇರ್ಸ, ಎಲ್ಲ ಇತ್ತು. ಆದರೆ ತನ್ನ ಮೈಯ ಬಗ್ಗೆ, ದಣಿವಿನ ಬಗ್ಗೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಜ್ವರ ಬಂದರೂ ಸುಮ್ಮನೆ ಡ್ಯೂಟಿಗೆ ಹೋಗುತ್ತಿದ್ದಳು. ಪಪ್ಪ ಈಗ ಅದೇ ಕೋಣೆಯಲ್ಲಿ, ಗೊರಕೆ ಸಮೇತ, ನಮ್ಮ ಜೊತೆಯೇ ಮಲಗುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ “ಹೇಗುಂಟು?” ಎಂದು ಕೇಳುತ್ತಿದ್ದರು. “ಎಂತದೂ ಇಲ್ಲ” ಎಂದಷ್ಟೇ ಉತ್ತರ ಬರುತ್ತಿತ್ತು. ಒಂದು ವರ್ಷವಿಡೀ ಅದೇ ಪ್ರಶ್ನೆ, ಅದೇ ಉತ್ತರ.

ಮುಂದಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಾವು ಮೂವರೂ ಊಟಕ್ಕೆ ಕೂತಿದ್ದೆವು. ಮೀನು ಸಾರು ಬಡಿಸುತ್ತಿದ್ದ ಮಮ್ಮಿ ಸೌಟು ಕೆಳಗಿಟ್ಟು, ಯಾರಿಗೂ ಹೇಳುವಂತಲ್ಲದೆ, “ಯಾಕೋ ತಲೆ ಸಿಡೀತಾ ಉಂಟು,” ಎಂದಳು.

ಪಪ್ಪ ಎಂಜಲು ಕೈಯಲ್ಲೇ ಎದ್ದರು. ಎಡಗೈಯಲ್ಲಿ ಹೀಟರಿನ ಪ್ಲಗ್ ಕಿತ್ತರು, ಗ್ಯಾಸ್ ಬಂದ್ ಮಾಡಿದರು, ಕಿಟಕಿಗಳನ್ನೆಲ್ಲ ದಢದಢ ತೆರೆದು, ನನ್ನನ್ನು ಅಂಗಳಕ್ಕೆ ದಬ್ಬಿ, ಮಮ್ಮಿಯ ರಟ್ಟೆ ಹಿಡಿದು ಎಬ್ಬಿಸಿದರು.

“ಶೀತ ಮಾರಾಯ್ರೇ, ಬರೀ ಶೀತ! ಮೂಗು ಕಟ್ಟಿದೆ. ಆ ಹೀಟರಲ್ಲಿ ಬೆಂಕಿಯೇ ಇಲ್ಲ, ಗಾಳಿ ಎಲ್ಲಿಂದ ಬರ್ಬೇಕು?”

“ಇರ್ಲಿ. ನೋವುಂಟು ಅಂತ ನೀನು ಹೇಳಿದ್ದಿಯಲ್ಲ. ಹೊರಗೆ ಬಾ.”

ಅಂಗಳದಲ್ಲಿ ಕೊರೆಯುವ ಗಾಳಿ. ಮೂವರಿಗೂ ಚಪ್ಪಲಿಯಿಲ್ಲ. ಸಾರು ಮೆತ್ತಿದ ಬಲಗೈಯನ್ನು ದೂರ ಹಿಡಿದು, ಪಪ್ಪ ಎಡಗೈಯಲ್ಲಿ ತಮ್ಮ ಜಾಕೆಟ್ಟನ್ನು ಮಮ್ಮಿಯ ಹೆಗಲಿಗೆ ಹೊದಿಸಿದರು. ಅವಳು ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಇದರಲ್ಲಿ ನಾಟಕ ಎಷ್ಟು ಎಂದು ಅಳೆಯುವಂಥ ನೋಟ. ಅವರು ಕಣ್ಣು ತಗ್ಗಿಸಲಿಲ್ಲ.

“ಈಗ ಹೇಗುಂಟು?” ಎಂದು ಕೇಳಿದರು.

“ಇನ್ನೂ ನೋಯ್ತದೆ,” ಎಂದಳು ಮಮ್ಮಿ.

“ಹಾಗಾದ್ರೆ ಇನ್ನು ಸ್ವಲ್ಪ ಹೊತ್ತು ನಿಲ್ಲುವ.”